ಎಡ ಹೆಗಲಿನ ಕೋವಿ

ಆರ್ಲಿಸ್ ಎಂಗೆನ್ ತನ್ನ ಬದುಕಿನ ಮೊದಲ ಈಡು ಹೊಡೆದದ್ದು ಹನ್ನೆರಡನೇ ವಯಸ್ಸಿನಲ್ಲಿ. ಎರಡನೆಯದು ಐವತ್ತೆಂಟರಲ್ಲಿ. ನಡುವಿನ ನಲವತ್ತಾರು ವರ್ಷವೂ ಅವಳು ಅಯೋವಾದ ಈಶಾನ್ಯ ಮೂಲೆಯ ಅದೇ ಗುಡ್ಡಗಳ ನಡುವೆ ಇದ್ದಳು. ಅಲ್ಲಿ ಕೋವಿ ಇಲ್ಲದ ಮನೆ ಹುಡುಕುವುದು ಕಷ್ಟ. ಡಿಸೆಂಬರಿನ ಮೊದಲ ಶನಿವಾರ ಜಿಂಕೆ ಬೇಟೆ ಶುರುವಾಗುತ್ತದೆ. ಆ ದಿನ ಮದುವೆ ಇಟ್ಟುಕೊಂಡರೆ ಗಂಡಿನ ಕಡೆಯವರೇ ಬರುವುದಿಲ್ಲ. ಅಂಥ ಕಡೆ ಅರ್ಧ ಶತಮಾನ ಕೋವಿ ಮುಟ್ಟದೆ ಇರಬೇಕಾದರೆ ಕಾರಣ ಬೇಕು. ಅವಳ ಕಾರಣಕ್ಕೆ ಒಂದು ಹೆಸರಿತ್ತು: ಪಾದ್ರಿ.

ಪಾದ್ರಿ ಎಂದರೆ ಎಂಗೆನ್ ಮನೆತನದ ಒಂಟಿ ನಳಿಗೆಯ, ಹನ್ನೆರಡು ಬೋರಿನ ಹಳೆಯ ಕೋವಿ. ಒಣ ಸೌದೆಯಷ್ಟು ಹಗುರ. ಹೊಸಬರು ಯಾರಾದರೂ ಬೇಟೆಗೆ ಬರುತ್ತೇನೆ ಎಂದರೆ ಮೊದಲು ಟ್ರ್ಯಾಕ್ಟರ್ ಶೆಡ್ಡಿನ ಹಿಂದೆ ಕರೆದೊಯ್ದು, ಪಾದ್ರಿಗೆ ಅತಿ ಬಲದ ತೋಟೆ ತುಂಬಿ ಕೈಗೆ ಕೊಡುವುದು ಅವರಲ್ಲಿ ರೂಢಿ. ಕೋವಿ ಹಗುರವಾದಷ್ಟೂ ಒದೆ ಜೋರು. ಒಂದು ಈಡಿಗೆ ಪಾಪವೆಲ್ಲ ನೆನಪಾಗುತ್ತದೆ ಎಂದು ಅದಕ್ಕೆ ಆ ಹೆಸರು. ಗಂಡುಹುಡುಗರು ಅಂಗಾತ ಬಿದ್ದರೆ ಎಲ್ಲರೂ ನಕ್ಕು, ಬೆನ್ನು ತಟ್ಟಿ, ಮರುದಿನ ಬೇರೆ ಕೋವಿ ಕೊಡುತ್ತಿದ್ದರು. ಆರ್ಲಿಸ್ ಬಿದ್ದಾಗಲೂ ನಕ್ಕರು. ತುಟಿ ಒಡೆದಿತ್ತು, ಬಲ ಹೆಗಲು ಮೂರು ವಾರ ನೀಲಿಗಟ್ಟಿತ್ತು, ಗುರಿಗೆ ಇಟ್ಟಿದ್ದ ಕಾಫಿ ಡಬ್ಬಿ ಅಲುಗಾಡಿರಲಿಲ್ಲ. ಮರುದಿನ ಯಾರೂ ಬೇರೆ ಕೋವಿ ಕೊಡಲಿಲ್ಲ. ಹದಿನೈದು ವರ್ಷದ ಅಣ್ಣ ಡೆಲ್ಮರ್ ಆ ಬಿದ್ದ ಭಂಗಿಯನ್ನು ಊಟದ ಮೇಜಿನ ಪಕ್ಕ ನಟಿಸಿ ತೋರಿಸಿದ. ಮುಂದೆ ಪ್ರತಿ ವರ್ಷ ತೋರಿಸಿದ. ಅವನಿಗೆ ಅರವತ್ತು ದಾಟಿ ಮಂಡಿ ಹಿಡಿದುಕೊಂಡ ಮೇಲೆ ಮಾತಿನಲ್ಲಷ್ಟೇ ಹೇಳುತ್ತಿದ್ದ.

ಅವಳಿಗೆ ಉಳಿದದ್ದು ಅಡುಗೆ. ಶಾಲೆಯ ಅಡುಗೆಮನೆಯಲ್ಲಿ ಮೂವತ್ತೊಂದು ವರ್ಷ ದುಡಿದಳು. ಇನ್ನೂರ ಹತ್ತು ಮಕ್ಕಳಿಗೆ ಮಾಂಸ, ಬೀನ್ಸ್ ಕಾಳು ಹಾಕಿ ಕುದಿಸಿದ ಚಿಲಿ, ಜೊತೆಗೆ ದಾಲ್ಚಿನ್ನಿಯ ರೋಲು. ಆ ಎರಡನ್ನು ಯಾಕೆ ಒಟ್ಟಿಗೆ ತಿನ್ನುತ್ತೀರಿ ಎಂದು ಅಲ್ಲಿ ಹೊರಗಿನವರು ಮಾತ್ರ ಕೇಳುತ್ತಾರೆ. ಬೇಟೆಯ ಮೊದಲ ದಿನ ಅದೇ ಊಟವನ್ನು ಶೆಡ್ಡಿನಲ್ಲಿ ಹದಿನಾಲ್ಕು ಗಂಡಸರಿಗೆ ಬಡಿಸುತ್ತಿದ್ದಳು. ಮದುವೆಯಾಗಲಿಲ್ಲ. ಅಪ್ಪ ಓರ್ವಿಲ್‌ನನ್ನು ಕೊನೆಯ ಆರು ವರ್ಷ ನೋಡಿಕೊಂಡಳು. ಅವನು ಉಯಿಲಿನಲ್ಲಿ ಹೊಲವನ್ನೆಲ್ಲ ಡೆಲ್ಮರ್‌ಗೆ ಬರೆದು, ಮನೆಯನ್ನೂ ಅದರ ಸುತ್ತಲಿನ ಐದು ಎಕರೆಯನ್ನೂ ಅವಳಿಗೆ ಬಿಟ್ಟಿದ್ದ. ಒಂದು ಷರತ್ತು: ಅವಳು ಅಲ್ಲಿ ವಾಸ ಇರುವವರೆಗೆ. ವಾಸ ಬಿಟ್ಟ ದಿನ ಅದೂ ಡೆಲ್ಮರ್‌ನದು.

ಡೆಲ್ಮರ್ ಆ ಮನೆಯನ್ನು ಏನು ಮಾಡುತ್ತಾನೆ ಎಂಬುದು ಗುಟ್ಟಾಗಿರಲಿಲ್ಲ. ಆ ಸೀಮೆಯಲ್ಲಿ ಖಾಲಿ ಬಿದ್ದ ತೋಟದ ಮನೆಗಳಿಗೆ ಒಂದೇ ಗತಿ. ಬುಲ್ಡೋಜರ್ ಬರುತ್ತದೆ, ಗೋಡೆಗಳು ನೆಲಮಾಳಿಗೆಯ ಗುಂಡಿಗೆ ಬೀಳುತ್ತವೆ, ಮೇಲೆ ಮಣ್ಣು, ಬೇಸಿಗೆಯ ಹೊತ್ತಿಗೆ ಅಲ್ಲಿ ಮೆಕ್ಕೆಜೋಳ ನಿಂತಿರುತ್ತದೆ. ಅಡುಗೆಮನೆ ಯಾವ ಸಾಲಿನಲ್ಲಿತ್ತು ಎಂದು ಎರಡು ವರ್ಷದ ಮೇಲೆ ಯಾರಿಗೂ ಹೇಳಲಾಗದು.

ಆ ಅಕ್ಟೋಬರಿನ ಒಂದು ಶುಕ್ರವಾರ ಮಧ್ಯಾಹ್ನ, ಆರ್ಲಿಸ್ ಶಾಲೆಯಲ್ಲಿದ್ದಾಗ, ಮನೆಗೆ ಕಳ್ಳರು ನುಗ್ಗಿದರು. ಹಿಂಬಾಗಿಲು ಒದ್ದು ಮುರಿದಿದ್ದರು. ಜನರೇಟರ್, ಅಮ್ಮನ ಬೆಳ್ಳಿ ಚಮಚಗಳು, ನೆಲಮಾಳಿಗೆಯ ತಾಮ್ರದ ಕೊಳವೆ ಹೋಗಿದ್ದವು. ಅವಳನ್ನು ಅಲುಗಿಸಿದ್ದು ಅದಲ್ಲ. ಮೇಜಿನ ಮೇಲೆ ಮುಚ್ಚಿಟ್ಟಿದ್ದ ದಾಲ್ಚಿನ್ನಿ ರೋಲುಗಳನ್ನು ಕುರ್ಚಿ ಎಳೆದುಕೊಂಡು, ಕೂತು ತಿಂದಿದ್ದರು. ಅರ್ಧ ಕಚ್ಚಿದ ಒಂದು ತಟ್ಟೆಯಲ್ಲಿ ಉಳಿದಿತ್ತು. ಪೊಲೀಸ್ ಬರಲು ಐವತ್ತು ನಿಮಿಷ ಹಿಡಿಯಿತು. ದಾರಿಯೇ ಅಷ್ಟು ದೂರ. ಎರಡು ರಾತ್ರಿ ಅವಳು ಪಟ್ಟಣದಲ್ಲಿ ಗೆಳತಿಯ ಮನೆಯಲ್ಲಿ ಮಲಗಿದಳು. ಭಾನುವಾರ ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿ ಕುಡಿಯುವಾಗ ಡೆಲ್ಮರ್ ಎಲ್ಲರ ನಡುವೆ ಕೇಳಿದ: "ಇನ್ನೂ ಅಲ್ಲೇ ಒಬ್ಳೇ ಇರ್ತೀಯಾ, ಆರ್ಲಿ?" ನಿದ್ದೆಯಿಲ್ಲದೆ ಕಣ್ಣು ಉರಿಯುತ್ತಿತ್ತು. "ಇಲ್ಲ ಬಿಡು. ಬೇಟೆ ಮುಗಿದ ಮೇಲೆ ಊರೊಳಗೆ ಬಂದ್ಬಿಡ್ತೀನಿ" ಎಂದಳು.

ಮೂವತ್ತು ಜನ ಕೇಳಿಸಿಕೊಂಡರು. ಅಲ್ಲಿ ಕಾಫಿಯ ಮುಂದೆ ಆಡಿದ ಮಾತಿಗೆ ರುಜು ಬೇಕಾಗಿಲ್ಲ.

ಆ ಸಂಜೆಯೇ ಅವಳು ಮನೆಗೆ ವಾಪಸಾದಳು. ಅರ್ಧ ಕಚ್ಚಿದ ರೋಲನ್ನು ತಟ್ಟೆ ಸಮೇತ ಕಸಕ್ಕೆ ಎಸೆದಳು. ಬಾಗಿಲಿಗೆ ಉಕ್ಕಿನ ಚೌಕಟ್ಟು ಹಾಕಿಸಿದಳು. ಆಡಿದ ಮಾತು ಮಾತ್ರ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಕೂತಿತ್ತು. ಆ ವಾರವೇ ಡೆಲ್ಮರ್ ಪಿಕಪ್ಪಿನಲ್ಲಿ ಬಂದು ಪಾದ್ರಿಯನ್ನು ಅವಳ ಅಡುಗೆಮನೆಯ ಮೇಜಿನ ಮೇಲಿಟ್ಟ.

"ಜನವರೀಲಿ ಊರೊಳಗೆ ಬರೋವರ್ಗೂ ಬೇಕಾಗುತ್ತೆ, ಇಟ್ಕೋ. ನಿಂಗೇ ಕೊಟ್ಟೆ ಅಂದ್ಕೋ. ಹೆಂಗಸರಿಗೆ ಹಗುರದ್ದೇ ಸರಿ."

"ಇದನ್ನ ಹಿಡ್ಕೊಂಡು ಏನ್ಮಾಡ್ಲಿ?"

"ಕಳ್ಳ ಬಂದ್ರೆ ಒಂದು ಈಡು ಹೊಡಿ. ನೀನು ಬೀಳೋದು ನೋಡಿ ನಗ್ತಾ ನಗ್ತಾ ಓಡಿಹೋಗ್ತಾನೆ."

ಅವನು ಕೆಟ್ಟವನಲ್ಲ. ಚಳಿಗಾಲದಲ್ಲಿ ಅವಳ ದಾರಿಯ ಹಿಮ ತಳ್ಳಿಕೊಡುವವನು ಅವನೇ. ಆದರೆ ನಲವತ್ತಾರು ವರ್ಷ ಒಂದೇ ಹಾಸ್ಯ ಕೇಳಿದವರಿಗೆ ಆ ಹಾಸ್ಯ ಎಲ್ಲಿ ಚುಚ್ಚುತ್ತದೆ ಎಂದು ಚೆನ್ನಾಗಿ ಗೊತ್ತಿರುತ್ತದೆ. ಅವನ ಗಾಡಿಯ ಧೂಳು ಅಡಗುವ ಮೊದಲೇ ಆರ್ಲಿಸ್ ಪಾದ್ರಿಯನ್ನು ಕಂಬಳಿಯಲ್ಲಿ ಸುತ್ತಿ ಕಾರಿನ ಹಿಂದೆ ಹಾಕಿದಳು.

ಲವರ್ನ್ ಕುಬಿಚೆಕ್‌ನ ಕೋವಿ ಅಂಗಡಿ ಪಟ್ಟಣದ ಹಳೆಯ ಬೆಣ್ಣೆ ಡೈರಿಯ ಕಟ್ಟಡದಲ್ಲಿದೆ. ಲವರ್ನ್‌ಗೆ ಎಪ್ಪತ್ತಮೂರು. ಅವನ ನಾಲ್ಕು ಮೊಮ್ಮಕ್ಕಳು ಆರ್ಲಿಸ್ ಬಡಿಸಿದ್ದನ್ನು ತಿಂದೇ ಬೆಳೆದವರು. ಕಂಬಳಿ ಬಿಚ್ಚಿದಾಗ ಅವನು ಕನ್ನಡಕ ಹಣೆಗೇರಿಸಿದ.

"ಇದು ಪಾದ್ರಿ ಅಲ್ವಾ?"

"ಹೌದು. ಇದನ್ನ ತಗೊಂಡು ಬೇರೆ ಕೊಡಿ."

"ಎಂಥದ್ದು ಬೇಕು?"

"ಒಂದೇ ಕೋವಿ. ಹಕ್ಕಿಗೂ ಆಗ್ಬೇಕು, ಜಿಂಕೆಗೂ ಆಗ್ಬೇಕು, ಮನೆಗೆ ಯಾರಾದ್ರೂ ನುಗ್ಗಿದ್ರೆ ಅದಕ್ಕೂ ಆಗ್ಬೇಕು."

"ಪಾತ್ರೆ ತೊಳಿಯೋದು ಬೇಡ್ವಾ?"

"ಅದನ್ನ ನೀವು ಕಲ್ತ್ಕೊಳ್ಳಿ."

ಲವರ್ನ್ ನಗುತ್ತಲೇ ಹಿಂದಿನ ಗೂಡಿನಿಂದ ಒಂದನ್ನು ತೆಗೆದ. ಕಡ್ಡಿಯಂಥ ನಳಿಗೆ, ಚಿಕ್ಕ ಬೋರು, ಹುಡುಗರು ಅಳಿಲು ಹೊಡೆಯಲು ಒಯ್ಯುವಂಥದ್ದು. ಅವಳು ಕೈ ಚಾಚಲಿಲ್ಲ.

"ಇದನ್ನೇ ಯಾಕೆ ಮೊದಲು ತೆಗೆದ್ರಿ?"

"ಹೆಂಗಸರಿಗೆ ಸಾಮಾನ್ಯವಾಗಿ ಹಗುರ..."

"ನಾನು ಒಲೆ ಮೇಲಿಂದ ದಿನಾ ಇಳಿಸೋ ಪಾತ್ರೆ ನಲವತ್ತು ಪೌಂಡಿದೆ, ಲವರ್ನ್. ಭಾರಕ್ಕೆ ನಾನು ಹೆದರಲ್ಲ. ಒದೆಗೆ ಹೆದರ್ತೀನಿ. ಅದೆರಡೂ ಬೇರೆ ಅಂತ ನಂಗೇ ಗೊತ್ತಿರುವಾಗ ನಿಮಗೆ ಗೊತ್ತಿಲ್ವಾ?"

ಲವರ್ನ್ ಆ ಕೋವಿಯನ್ನು ಗೂಡಿಗೆ ಮರಳಿಸಿದ. "ಐವತ್ತು ವರ್ಷದಿಂದ ಹೆಂಗಸರು ಬಂದ್ರೆ ಕೈ ತಾನಾಗೇ ಆ ಕಡೆ ಹೋಗುತ್ತೆ. ಬಾಯಿಗಿಂತ ಕೈಗೆ ಬುದ್ಧಿ ಕಡಿಮೆ" ಎಂದ. ಆಮೇಲೆ ಅವಳನ್ನು ಅಂಗಡಿಯ ನಡುವೆ ನಿಲ್ಲಿಸಿ, ಎರಡೂ ಕೈ ಮುಂದೆ ಚಾಚಲು ಹೇಳಿದ. ಅಂಗೈಗಳ ನಡುವೆ ಸಣ್ಣ ಕಿಂಡಿ ಮಾಡಿ, ಅದರೊಳಗಿಂದ ಗೋಡೆಯ ಗಡಿಯಾರ ನೋಡುತ್ತ ಕೈಗಳನ್ನು ಮೆಲ್ಲಗೆ ಮುಖದ ಹತ್ತಿರ ತರಬೇಕು. ಗಡಿಯಾರ ತಪ್ಪಬಾರದು.

ಕಿಂಡಿ ಬಂದು ಅವಳ ಎಡಗಣ್ಣಿನ ಮುಂದೆ ನಿಂತಿತು. ಲವರ್ನ್ ಇನ್ನೊಮ್ಮೆ ಮಾಡಿಸಿದ. ಮತ್ತೆ ಎಡಗಣ್ಣು.

"ಬರೆಯೋದು ಯಾವ ಕೈಲಿ?"

"ಬಲ."

"ಓರ್ವಿಲ್ ನಿಂಗೆ ಪಾದ್ರೀನ ಯಾವ ಹೆಗಲಿಗೆ ಕೊಟ್ಟ?"

"ಬಲ ಹೆಗಲಿಗೆ."

"ಹಾಗಾದ್ರೆ ಆ ಕಾಫಿ ಡಬ್ಬಿ ಇನ್ನೂ ಅಲ್ಲೇ ಕೂತಿದ್ರೂ ಆಶ್ಚರ್ಯ ಇಲ್ಲ. ನಿನ್ನ ಗುರಿ ಹಿಡಿಯೋ ಕಣ್ಣು ಎಡಗಡೇದು. ಬಲ ಹೆಗಲಿಗೆ ಕೋವಿ ಏರಿಸಿ ಎಡಗಣ್ಣಲ್ಲಿ ನೋಡಿದ್ರೆ ಚರೆ ಪಕ್ಕದ ಕೌಂಟಿಗೆ ಹೋಗುತ್ತೆ. ನಿನ್ನ ತಪ್ಪಲ್ಲ ಅದು. ಯಾರೂ ನೋಡ್ಲಿಲ್ಲ, ಅಷ್ಟೇ."

ಅಲ್ಲಿಂದ ಆಯ್ಕೆ ಬೇರೆ ದಾರಿ ಹಿಡಿಯಿತು. ಕೋವಿ ಎಡ ಹೆಗಲಿಗೆ ಹೋಗಬೇಕು. ಹೆಚ್ಚಿನ ಕೋವಿಗಳು ಖಾಲಿ ತೋಟೆಯನ್ನು ಬಲಕ್ಕೆ ಉಗುಳುತ್ತವೆ. ಎಡ ಹೆಗಲಿನವರಿಗೆ ಅದು ಮೂಗಿನ ಮುಂದೆಯೇ ಹಾರುತ್ತದೆ. ಲವರ್ನ್ ಒಂದು ಹಳೆಯ ಪಂಪ್ ಕೋವಿ ತೆಗೆದ. ನಳಿಗೆಯ ಕೆಳಗಿನ ಹಿಡಿಯನ್ನು ಹಿಂದಕ್ಕೆಳೆದು ಮುಂದಕ್ಕೆ ತಳ್ಳಿದರೆ ಖಾಲಿ ತೋಟೆ ಹೊಟ್ಟೆಯ ಕೆಳಗಿನಿಂದ ಕಾಲ ಬಳಿ ಬೀಳುವಂಥದ್ದು. ಇಪ್ಪತ್ತು ಬೋರು; ಬೋರಿನ ಅಂಕಿ ಏರಿದಷ್ಟೂ ನಳಿಗೆಯ ಬಾಯಿ ಕಿರಿದು. ತೂಕ ಏಳು ಪೌಂಡಿನ ಹತ್ತಿರ. ಪಾದ್ರಿಗಿಂತ ಒಂದೂವರೆ ಪೌಂಡು ಜಾಸ್ತಿ, ತೋಟೆಯ ಬಲ ಕಡಿಮೆ. ಎರಡು ನಳಿಗೆ ಜೊತೆಗಿದ್ದವು. ಉದ್ದದ್ದು ಚರೆಗೆ, ಹಕ್ಕಿಗೆ. ಬಾಯಿಗೆ ಬೇಕಾದ ಕೊಳವೆ ತಿರುಪಿ ಹಾಕಿದರೆ ಚರೆ ಹರಡುವುದು ಹೆಚ್ಚು ಕಡಿಮೆ ಆಗುತ್ತದೆ. ಗಿಡ್ಡದ್ದರ ಒಳಗೆ ಸುರುಳಿ ಗೆರೆ. ಅದು ಜಿಂಕೆಗೆ ಹಾಕುವ ಒಂಟಿ ಗುಂಡಿಗೆ ಮಾತ್ರ.

"ಹನ್ನೆರಡು ಬೋರೇ ಬೇಕು ಅಂತಾರಲ್ಲ ಎಲ್ರೂ?"

"ಎಲ್ರೂ ಅಂದ್ರೆ ಯಾರು? ಡೆಲ್ಮರ್ ತಾನೇ? ನೂರು ಗಜದೊಳಗೆ ಈ ಇಪ್ಪತ್ತಕ್ಕೂ ಆ ಹನ್ನೆರಡಕ್ಕೂ ವ್ಯತ್ಯಾಸ ಜಿಂಕೆಗೆ ಗೊತ್ತಾಗಲ್ಲ. ನಿನ್ನ ಹೆಗಲಿಗೆ ಗೊತ್ತಾಗುತ್ತೆ. ಕಣ್ಣು ಮುಚ್ಚಿ ಎಡ ಹೆಗಲಿಗೆ ಏರಿಸು. ಆ... ಈಗ ಕಣ್ಣು ಬಿಡು. ಏನು ಕಾಣುತ್ತೆ?"

"ನಳಿಗೆಯ ಬೆನ್ನೆಲ್ಲ ಕಾಣುತ್ತೆ."

"ಹಿಂಬದಿ ಮರ ಉದ್ದ ಆಯ್ತು. ಅರ್ಧ ಇಂಚು ಕೊಯ್ದುಕೊಡ್ತೀನಿ. ಟ್ರಿಗರ್ ತಡೆಯೋ ತಡೆಗುಂಡೀನೂ ಎಡಗೈಗೆ ತಿರುಗಿಸ್ತೀನಿ. ಗುರುವಾರ ಬಾ."

"ಮನೆ ಕಾವಲಿಗೆ?"

ಲವರ್ನ್ ಕೋವಿಯನ್ನು ಅವಳ ಕೈಯಿಂದ ತೆಗೆದುಕೊಂಡ. "ಅದಕ್ಕೆ ಕೋವಿ ಕೊನೇದು. ಮೊದಲು ಬಾಗಿಲು, ಆಮೇಲೆ ದೀಪ, ಆಮೇಲೆ ನಾಯಿ. ನೀನು ಮಲಗೋದು ಮಹಡಿ ಮೇಲೆ ತಾನೇ? ಶಬ್ದ ಆದ್ರೆ ಕೋವಿ ಹಿಡ್ಕೊಂಡು ಕೆಳಗೆ ಹುಡುಕ್ಕೊಂಡು ಹೋಗ್ಬೇಡ. ಮೆಟ್ಟಿಲ ಮೇಲ್ತುದೀಲಿ ನಿಂತು ಫೋನ್ ಮಾಡು. ಹತ್ತಿ ಬಂದ್ರೆ ಮಾತ್ರ. ಬಂದೋನು ಯಾರು ಅಂತ ಕಾಣದೆ ಟ್ರಿಗರ್ ಮೇಲೆ ಬೆರಳು ಹೋಗ್ಕೂಡದು. ಕುಡಿದು ದಾರಿ ತಪ್ಪಿದ ಪಕ್ಕದ ಮನೆಯವನೂ ಆಗಿರಬಹುದು. ಉಳಿದ ದಿನವೆಲ್ಲ ಅದು ಬೀಗದೊಳಗಿರ್ಲಿ."

ಗುರುವಾರ ಲವರ್ನ್ ಕೋವಿ ಕೊಳ್ಳುವ ಸರ್ಕಾರಿ ಫಾರಂ ತುಂಬಿಸಿ, ಅವಳ ಮೇಲೆ ಕೇಸೇನೂ ಇಲ್ಲವೆಂದು ಫೋನಿನಲ್ಲಿ ವಿಚಾರಿಸಿಕೊಂಡು, ಅಂಗಡಿಯ ಹಿಂದಿನ ಮಣ್ಣಿನ ದಿಬ್ಬದ ಎದುರು ಅವಳನ್ನು ನಿಲ್ಲಿಸಿದ. ಆರ್ಲಿಸ್ ಹಲ್ಲು ಕಚ್ಚಿ, ಇಡೀ ಮೈಯನ್ನು ಒದೆಗೆ ಸಿದ್ಧಮಾಡಿಕೊಂಡು ಟ್ರಿಗರ್ ಎಳೆದಳು. ಪರಿಚಯದವರು ಯಾರೋ ಹೆಗಲ ಮೇಲೆ ಕೈಯಿಟ್ಟು ಜರುಗು ಎಂದು ತಳ್ಳಿದಷ್ಟೇ ಆಯಿತು. ಇಪ್ಪತ್ತು ಹೆಜ್ಜೆ ಆಚೆ ರಟ್ಟಿನ ನಡುವೆ ಬೆರಳು ತೂರುವ ತೂತು.

ಅವಳಿಗೆ ಖುಷಿಯಾಗಬೇಕಿತ್ತು. ಬಂದದ್ದು ಸಿಟ್ಟು.

"ಇಷ್ಟೇನಾ?" ಎಂದಳು. "ಇಷ್ಟಕ್ಕೆ ನಲವತ್ತಾರು ವರ್ಷ ಚಿಲಿ ಕಲಕಿದೆನಾ?"

ಲವರ್ನ್ ಇನ್ನೊಂದು ತೋಟೆ ಕೊಟ್ಟ. ಕೋವಿಯ ಬೆಲೆಯನ್ನು ಅವಳು ಪೂರ್ತಿ ಎಣಿಸಿಕೊಟ್ಟಳು. ಪಾದ್ರಿಯ ಬದಲಿಗೆ ಅವನು ಕೊಟ್ಟದ್ದು ಕೋವಿ ಹೊರುವ ಒಂದು ಚರ್ಮದ ಪಟ್ಟಿ. ಅದಕ್ಕಿಂತ ಹೆಚ್ಚು ಬಾಳುವುದಿಲ್ಲ ಎಂದ. ಅವಳೂ ಚೌಕಾಸಿ ಮಾಡಲಿಲ್ಲ.

ಅವಳ ವಯಸ್ಸಿನವರಿಗೆ ಬೇಟೆಯ ಸುರಕ್ಷತಾ ತರಗತಿ ಕಡ್ಡಾಯವಲ್ಲ. ಆದರೂ ಹೋಗಿ ಕೂತಳು. ಜೊತೆಗೆ ಹದಿನೆಂಟು ಮಕ್ಕಳು, ಎಲ್ಲರೂ ಅವಳ ಸಾಲಿನಲ್ಲಿ ತಟ್ಟೆ ಹಿಡಿದು ನಿಲ್ಲುವವರೇ. "ಆರ್ಲಿಸ್ ಮಿಸ್, ನೀವು ಫೇಲಾದ್ರೆ ಮತ್ತೆ ನಮ್ಮ ಜೊತೆ ಕೂರ್ಬೇಕಾ?" ಎಂದು ಒಬ್ಬಳು ಕೇಳಿದಳು. "ನಾನು ಫೇಲಾದ್ರೆ ನಿಂಗೆ ಒಂದು ವಾರ ಬೇಯಿಸಿದ ಬಟಾಣಿ" ಎಂದಳು ಆರ್ಲಿಸ್. ಅಲ್ಲಿ ಎಲ್ಲಕ್ಕಿಂತ ಹೆಚ್ಚು ಸಲ ಹೇಳಿಸಿದ ಪಾಠ ಒಂದೇ: ಗುರಿಯನ್ನು ನೋಡುವ ಮೊದಲು ಗುರಿಯ ಹಿಂದೆ ಏನಿದೆ ನೋಡು.

ನವೆಂಬರಿನ ಒಂದು ಶನಿವಾರ ಮನೆಯ ಹಿಂದೆ ಕಾಡು ಪ್ಲಮ್ ಪೊದೆಯ ಮುಂದೆ ದೊಡ್ಡ ಕಾಗದ ಕಟ್ಟಿ, ಯಾವ ಕೊಳವೆಗೆ ಚರೆ ಎಷ್ಟು ಹರಡುತ್ತದೆ ಎಂದು ನೋಡುತ್ತಿದ್ದಳು. ಡೆಲ್ಮರ್‌ನ ಪಿಕಪ್ಪು ಬಂತು. ಪಕ್ಕದಲ್ಲಿ ಬುಲ್ಡೋಜರ್ ಓಡಿಸುವ ವೆಂಡೆಲ್. ಆರ್ಲಿಸ್ ಕೋವಿಯನ್ನು ಖಾಲಿ ಮಾಡಿ, ತೋಟೆ ತುಂಬುವ ಬಾಯಿ ತೆರೆದಿಟ್ಟು, ಮೇಜಿನ ಮೇಲೆ ಮಲಗಿಸಿದಳು. ಆಮೇಲೆ ಪೆನ್ಸಿಲ್ ಹಿಡಿದು ಕಾಗದದ ತೂತುಗಳನ್ನು ಎಣಿಸತೊಡಗಿದಳು.

"ವೆಂಡೆಲ್ ನೆಲಮಾಳಿಗೆ ಆಳ ನೋಡ್ಬೇಕಂತೆ" ಎಂದ ಡೆಲ್ಮರ್.

"ತೊಂಬತ್ತೊಂದು, ತೊಂಬತ್ತೆರಡು... ಬೇಕಾಗಿಲ್ಲ. ನಾನು ಹೋಗ್ತಿಲ್ಲ."

"ಏನಂದೆ?"

"ಹೋಗ್ತಿಲ್ಲ ಅಂದೆ. ತೊಂಬತ್ತಮೂರು."

"ಮೂವತ್ತು ಜನದ ಮುಂದೆ ಒಪ್ಕೊಂಡಿದ್ದೀಯ, ಆರ್ಲಿ. ನಿನ್ನ ಬಾಯಲ್ಲೇ."

"ಅದೇ ಬಾಯಲ್ಲೇ ವಾಪಸ್ ತಗೋತೀನಿ. ಬೇಟೆ ದಿನ ಮಧ್ಯಾಹ್ನ ಎಲ್ರೂ ಶೆಡ್ಡಲ್ಲಿ ಸೇರ್ತಾರಲ್ಲ, ಅಲ್ಲಿ."

"ಚಿಲಿ ಬಡಿಸ್ತಾ ಬಡಿಸ್ತಾ ಹೇಳ್ತೀಯಾ?"

"ಚಿಲಿ ನಾನು ಮಾಡ್ತಿಲ್ಲ. ನನ್ನ ಬೇಲಿ ಮೂಲೇಲಿ ಕೋವಿ ಹಿಡ್ಕೊಂಡು ನಿಂತಿರ್ತೀನಿ."

ವೆಂಡೆಲ್ ಮೆಲ್ಲಗೆ ಗಾಡಿಯೊಳಗೆ ಹೋಗಿ ಕೂತ. ಡೆಲ್ಮರ್ ಮೇಜಿನ ಮೇಲಿನ ಕೋವಿಯನ್ನೂ ತಂಗಿಯನ್ನೂ ಸರದಿಯಲ್ಲಿ ನೋಡಿದ.

"ಒಂದೇ ಈಡಿಗೆ ಕುಂಡೆ ಊರಿದವಳು ನೀನು. ಅವರೆಲ್ಲ ನಿನ್ನ ಮಾತು ಕೇಳಿ ನಗ್ತಾರೆ."

"ನಗ್ಲಿ. ನಕ್ಕರೆ ಮನೆ ಬೀಳಲ್ಲ. ಅಲ್ಲೇ ನಿಂತಿದ್ದೀಯಲ್ಲ, ನೆರಳು ಬೀಳ್ತಿದೆ, ಸ್ವಲ್ಪ ಆ ಕಡೆ ಸರಿ. ಎಷ್ಟಾಗಿತ್ತು? ಹಾಳಾಯ್ತು, ಮತ್ತೆ ಮೊದಲಿಂದ ಎಣಿಸ್ಬೇಕು."

ಆ ಬೇಲಿ ಮೂಲೆ ಅವಳದೇ ನೆಲ. ಎಂಗೆನ್‌ರ ಬೇಟೆ ನಡೆಯುವುದು ಸೋವಿನ ಪದ್ಧತಿಯಲ್ಲಿ. ಡೆಲ್ಮರ್‌ನ ಹೊಲದ ಕಡೆಯಿಂದ ಏಳೆಂಟು ಜನ ಸಾಲಾಗಿ ಕಾಡಿನ ಕೊರಕಲಿಗೆ ಇಳಿದು, ಕೂಗುತ್ತ, ಪೊದೆ ಬಡಿಯುತ್ತ ಜಿಂಕೆಗಳನ್ನು ಎಬ್ಬಿಸಿಕೊಂಡು ಬರುತ್ತಾರೆ. ಉಳಿದವರು ಕೊರಕಲು ಮುಗಿಯುವಲ್ಲಿ ಕಾದು ನಿಲ್ಲುತ್ತಾರೆ. ಕೊರಕಲು ಮುಗಿಯುವುದು ಆರ್ಲಿಸ್‌ಳ ಐದೆಕರೆಯ ಬೇಲಿಯಲ್ಲಿ. ಇಷ್ಟು ವರ್ಷ ಅಲ್ಲಿ ಯಾರು ನಿಂತರೂ ಅವಳನ್ನು ಕೇಳಿ ನಿಂತವರಲ್ಲ.

ಬೇಟೆಯ ದಿನ ಬೆಳಗ್ಗೆ ಹಿಮ ಪಾದ ಮುಳುಗುವಷ್ಟಿತ್ತು. ಎಲ್ಲರೂ ಕಿತ್ತಳೆ ಬಣ್ಣದ ಅಂಗಿಗಳಲ್ಲಿ ಶೆಡ್ಡಿನ ಮುಂದೆ ಸೇರಿದರು. ಡೆಲ್ಮರ್‌ನ ಅಳಿಯ ಬ್ರೆಟ್, ಇಪ್ಪತ್ತೊಂಬತ್ತರ ಹುಮ್ಮಸ್ಸಿನ ಗಂಡಸು, "ಆರ್ಲಿಸ್ ಆಂಟಿ, ನಿಜವಾಗ್ಲೂ ಒಲೆ ಹಚ್ಚಿಲ್ವಾ?" ಎಂದು ಕೇಳಿದ. "ಹಚ್ಚೋಕೆ ಬರೋರು ಹಚ್ಕೊಳ್ಳಿ. ಬೆಂಕಿಪೊಟ್ಟಣ ಕಿಟಕಿ ಮೇಲಿದೆ." ಡೆಲ್ಮರ್ ಜಾಗ ಹಂಚಿದ. ಸೋವುವವರು ಕೊರಕಲಿನ ತಳದಲ್ಲಿ, ತೆಂಕಣ ದಂಡೆಯಲ್ಲಿ. ಬಡಗಣ ಇಳಿಜಾರಿನಲ್ಲಿ ಯಾರೂ ಇಲ್ಲ. ಕಾದು ನಿಂತವರು ಹೊಡೆಯಬೇಕಾದರೆ ಆ ಕಡೆಗೇ ಹೊಡೆಯಬೇಕು, ತಪ್ಪಿದ ಗುಂಡು ಮಣ್ಣಿಗೆ ಹೋಗುತ್ತದೆ. ಇದು ಅವರಪ್ಪನ ಕಾಲದ ಕಟ್ಟಲೆ.

ಆರ್ಲಿಸ್ ಬೇಲಿ ಮೂಲೆಯಲ್ಲಿ ಕಂಬಕ್ಕೆ ಒರಗಿ ನಿಂತಳು. ನೂರು ಹೆಜ್ಜೆ ಕೆಳಗೆ, ಹಳ್ಳದ ಪಕ್ಕ, ಡೆಲ್ಮರ್. ಮುಕ್ಕಾಲು ಗಂಟೆ ಏನೂ ಇಲ್ಲ. ಬೆರಳು ಮರಗಟ್ಟುತ್ತಿತ್ತು. ಆಮೇಲೆ ದೂರದಲ್ಲಿ ಕೂಗು ಕೇಳಿಸಿತು, ಅದರ ಹಿಂದೆಯೇ ಗಂಡು ಜಿಂಕೆ ಕಾಣಿಸಿತು. ದೊಡ್ಡದು. ಕೊಂಬು ಹತ್ತು ಕವಲಾದರೂ ಇರಬೇಕು. ಕೊರಕಲಿನಿಂದ ಬಡಗಣ ಇಳಿಜಾರಿಗೆ ಏರಿ, ಮೂವತ್ತೈದು ಹೆಜ್ಜೆ ದೂರದಲ್ಲಿ, ಅಡ್ಡಕ್ಕೆ, ಚಿತ್ರ ಬರೆಸಿಕೊಳ್ಳಲು ನಿಂತಂತೆ ನಿಂತಿತು.

ಕೋವಿ ತಾನಾಗಿ ಎಡ ಹೆಗಲಿಗೆ ಬಂತು. ಮೊನೆ ಜಿಂಕೆಯ ಮುಂಗಾಲ ಹಿಂದೆ ಕೂತಿತು. ಅವಳ ಬೆರಳು ತಡೆಗುಂಡಿಯ ಕಡೆ ಜರುಗುವಷ್ಟರಲ್ಲಿ ಅಭ್ಯಾಸದ ಮೇಲೆ ಕಣ್ಣು ಜಿಂಕೆಯ ಬೆನ್ನ ಮೇಲಿಂದ ಹಿಂದಕ್ಕೆ ಹೋಯಿತು. ಓಕ್ ಮರಗಳಲ್ಲಿ ಇನ್ನೂ ಉದುರದ ಕಂದು ಎಲೆ. ಎಲೆಗಳ ನಡುವೆ ಎಲೆಯ ಬಣ್ಣವಲ್ಲದ ಒಂದು ಚೂರು, ಅಂಚೆ ಚೀಟಿಯಷ್ಟು. ಅದು ಅಲುಗಿತು.

ಅವಳು ಕೋವಿ ಇಳಿಸಿದಳು. ನಳಿಗೆಯನ್ನು ನೆಲಕ್ಕೆ ತಿರುಗಿಸಿ ಹಿಡಿದಳು. ಜಿಂಕೆ ಅವಳನ್ನು ನೋಡಿತು, ಬೇಲಿ ಹಾರಿತು, ಅವಳ ಪ್ಲಮ್ ಪೊದೆ ದಾಟಿ, ಅವಳ ಮನೆಯ ಪಕ್ಕದಿಂದಲೇ ಹೋಯಿತು.

"ಹೊಡಿಯೇ! ಹೊಡಿಯೇ ಅಂದ್ರೆ!" ಕೆಳಗಿನಿಂದ ಡೆಲ್ಮರ್‌ನ ಗಂಟಲು ಹರಿಯುತ್ತಿತ್ತು.

ಶೆಡ್ಡಿನಲ್ಲಿ ಒಲೆ ತಣ್ಣಗಿತ್ತು. ಯಾರೋ ಪೆಟ್ರೋಲ್ ಬಂಕಿಗೆ ಹೋಗಿ ಆರು ಪಿಜ್ಜಾ ತಂದಿದ್ದರು. ಗಂಡಸರು ರಟ್ಟಿನ ಪೆಟ್ಟಿಗೆಗಳ ಸುತ್ತ ನಿಂತು ತಿನ್ನುತ್ತಿದ್ದರು, ಡೆಲ್ಮರ್‌ಗೆ ತಿನ್ನಲೂ ಪುರುಸೊತ್ತಿರಲಿಲ್ಲ.

"ಅದು ಇವಳ ಮುಖ ನೋಡ್ಕೊಂಡು ನಿಂತಿತ್ತು ಕಣ್ರೋ! ಹೊಡಿ ತಾಯಿ, ನಂಗೆ ಹೊತ್ತಾಯ್ತು ಅನ್ನೋ ಹಾಗೆ! ಇವಳು ಕೋವಿ ಎತ್ತಿದ್ಲು, ನೋಡಿದ್ಲು, ಇಳಿಸಿದ್ಲು. ಅದಕ್ಕೆ ಟಾಟಾ ಮಾಡೋದೊಂದು ಬಾಕಿ!"

ಎಲ್ಲರೂ ನಕ್ಕರು. ಆರ್ಲಿಸ್ ಕೈಗವಸು ಬಿಚ್ಚಿ ಮೇಜಿನ ಮೇಲಿಟ್ಟಳು. ಬ್ರೆಟ್ ಒಳಗೆ ಬಂದು ಬಾಗಿಲ ಬಳಿ ನಿಂತದ್ದನ್ನು ಕಂಡಳು.

"ಮುಗೀತಾ, ಡೆಲ್? ಈಗ ನಂದು. ಹೌದು, ಹೊಡೀಲಿಲ್ಲ. ಇನ್ನೊಂದು ಮಾತು. ಅಕ್ಟೋಬರಲ್ಲಿ ಚರ್ಚಿನ ಕಾಫಿ ಹೊತ್ತಲ್ಲಿ ಮನೆ ಬಿಡ್ತೀನಿ ಅಂದಿದ್ದೆ. ನಿದ್ದೆಗೆಟ್ಟು, ಹೆದರಿ ಆಡಿದ ಮಾತು. ಅದನ್ನ ವಾಪಸ್ ತಗೊಂಡಿದ್ದೀನಿ. ಆ ಮನೇಲೇ ಇರ್ತೀನಿ. ಸಾಯೋದಿದ್ರೂ ಅಲ್ಲೇ. ಯಾರಾದ್ರೂ ಕೇಳಿಸ್ಕೊ‌ಳ್ಳದೇ ಇದ್ರೆ ಹೇಳಿ, ಮತ್ತೆ ಹೇಳ್ತೀನಿ."

"ಮೂವತ್ತೈದು ಹೆಜ್ಜೆಗೆ ನಿಂತ ಜಿಂಕೆ ಮುಂದೆನೇ ಕೈ ನಡುಗಿದವಳು," ಎಂದ ಡೆಲ್ಮರ್, "ಕಳ್ಳ ಬಂದ್ರೆ ಏನ್ಮಾಡ್ತೀಯೇ?"

"ಆಂಟಿ ಕೈ ನಡುಗ್ಲಿಲ್ಲ ಮಾವ."

ಬಾಗಿಲ ಬಳಿಯಿಂದ ಬಂದ ದನಿ ಬ್ರೆಟ್‌ನದು.

"ನಾನು ಬಡಗಣ ಇಳಿಜಾರಲ್ಲಿದ್ದೆ. ಜಿಂಕೆ ಹೆಜ್ಜೆಗುರುತು ತಾಜಾ ಇತ್ತು, ಸಾಲು ಬಿಟ್ಟು ಮೇಲೆ ಹತ್ತಿಬಿಟ್ಟೆ. ಜಿಂಕೆ ನನ್ನ ಮುಂದೆ ನಿಂತಾಗ ಅದರ ಆಚೆಗೆ ಆಂಟಿ ಕೋವಿ ಕಂಡೆ. ನೇರ ನನ್ನ ಕಡೆ. ಕೂಗೋಕೆ ಬಾಯಿ ಬರ್ಲಿಲ್ಲ. ಆಮೇಲೆ ನಳಿಗೆ ಕೆಳಗೆ ಹೋಯ್ತು." ಅವನು ಡೆಲ್ಮರ್ ಕಡೆ ತಿರುಗಿದ. "ಅಲ್ಲಿ ನೀವು ನಿಂತಿದ್ದಿದ್ರೆ ಹೊಡೀತಿದ್ರಿ ಮಾವ. ಆ ಕಡೆ ಯಾರೂ ಇಲ್ಲ ಅಂತ ನೀವೇ ಹೇಳಿದ್ರಿ."

ಡೆಲ್ಮರ್ ಅಳಿಯನ ಬಳಿಗೆ ಹೋಗಿ ಅವನ ಕಿತ್ತಳೆ ಅಂಗಿಯ ಎದೆಯ ಭಾಗವನ್ನು ಬೆರಳಲ್ಲಿ ಮುಟ್ಟಿ ನೋಡಿದ, ಬಟ್ಟೆಯಲ್ಲಿ ತೂತು ಹುಡುಕುವವನ ಹಾಗೆ. ಆಮೇಲೆ ತಲೆಕೆಳಗು ಮಾಡಿಟ್ಟಿದ್ದ ಬಕೆಟ್ಟಿನ ಮೇಲೆ ಕೂತುಬಿಟ್ಟ.

ಆಗ ಆರ್ಲಿಸ್‌ಳೇ ಮಾತಾಡಿದಳು.

"ವೆಂಡೆಲ್‌ಗೆ ಫೋನ್ ಮಾಡು."

"ಈಗ್ಲಾ?"

"ಈಗ್ಲೇ. ಇವರೆಲ್ಲ ಇರೋವಾಗ. ದನಿ ಎಲ್ರಿಗೂ ಕೇಳೋ ಹಾಗೆ ಮಾಡು."

ಡೆಲ್ಮರ್ ಜೇಬಿನಿಂದ ಫೋನು ತೆಗೆದ. ಮರಗಟ್ಟಿದ ಬೆರಳಿಗೆ ಅಂಕಿ ಎರಡು ಸಲ ತಪ್ಪಿತು. ವೆಂಡೆಲ್ ಎತ್ತಿದ. ಡೆಲ್ಮರ್ ಜನವರಿಯ ಕೆಲಸ ಬೇಡ ಎಂದ. ಯಾಕೆ ಎಂದು ವೆಂಡೆಲ್ ಕೇಳಿದ.

"ಆ ಮನೇಲಿ ಜನ ಇದ್ದಾರೆ" ಎಂದ ಡೆಲ್ಮರ್.

"ಅದೇ ಆ ದಿನ ನಂಗೂ ಅನ್ನಿಸ್ತು" ಎಂದು ಫೋನಿನೊಳಗಿನ ವೆಂಡೆಲ್ ಹೇಳಿದಾಗ ಯಾರೋ ಒಬ್ಬರು ನಕ್ಕರು, ಆಮೇಲೆ ಎಲ್ಲರೂ.

ಮಧ್ಯಾಹ್ನದ ಸೋವಿಗೆ ಡೆಲ್ಮರ್ ಮತ್ತೆ ಜಾಗ ಹಂಚಿದ. ಈ ಸಲ ಪ್ರತಿಯೊಬ್ಬನ ಬಾಯಲ್ಲೂ ಅವನವನ ಜಾಗವನ್ನು ತಿರುಗಿ ಹೇಳಿಸಿದ. ಬ್ರೆಟ್‌ನಿಂದ ಎರಡು ಸಲ. ಆರ್ಲಿಸ್‌ಳ ಸರದಿ ಬಂದಾಗ, "ಅಪ್ಪ ನಿಲ್ತಿದ್ದ ಹಳ್ಳದ ಬಾಯಲ್ಲಿ ನಿಲ್ತೀಯಾ? ಅದು ಒಳ್ಳೇ ಜಾಗ" ಎಂದ.

"ಬೇಡ. ನನ್ನ ಬೇಲಿ ಇದೆಯಲ್ಲ."

ಮೂರೂವರೆಗೆ ಅವಳು ಒಂದು ಹೆಣ್ಣು ಜಿಂಕೆ ಹೊಡೆದಳು. ಹಿಂದೆ ಮಣ್ಣಿನ ದಿಣ್ಣೆ, ಒಂದೇ ಗುಂಡು. ಎಳೆದು ತರಲು ಬ್ರೆಟ್ ಬಂದ. ಹಗ್ಗದ ಒಂದು ತುದಿ ಅವಳೂ ಹಿಡಿದಳು. ಡೆಲ್ಮರ್ ಹಿಂದೆ ಹಿಂದೆ ಬಂದ, ಅವಳ ಕೋವಿಯ ಚರ್ಮದ ಪಟ್ಟಿಯನ್ನು ನೋಡುತ್ತ.

"ಪಾದ್ರಿ ಎಲ್ಲಿ? ಬ್ರೆಟ್‌ನ ಮಗಳು ದೊಡ್ಡೋಳಾದ್ಮೇಲೆ ಬೇಕಾಗುತ್ತೆ."

"ಅದು ಹೋಯ್ತು. ಅದರ ಬದಲಿಗೆ ಬಂದಿದ್ದೇ ಈ ಪಟ್ಟಿ. ಆ ಮಗು ದೊಡ್ಡದಾದ್ಮೇಲೆ ನನ್ನ ಹತ್ರ ಕಳಿಸು. ಮೊದಲು ಯಾವ ಕಣ್ಣು ಅಂತ ನೋಡ್ತೀನಿ."

ಅವನು ಹಗ್ಗಕ್ಕೆ ತಾನೂ ಕೈ ಹಾಕಿದ. "ನಾಳೆಗಾದ್ರೂ ಚಿಲಿ ಇರುತ್ತಾ, ಆರ್ಲಿ?"

"ಇರುತ್ತೆ, ಬೆಳಗ್ಗೆ ಐದಕ್ಕೆ ಎದ್ದು ಬಂದ್ರೆ. ಈರುಳ್ಳಿ ಹೆಚ್ಚೋದು ನೀನು."